ಇಲ್ಲದ ವ್ರತದ ಉದ್ಯಾಪನೆ

ನಂಜುಂಡಯ್ಯ ಮೇಷ್ಟ್ರು ಕೆಟ್ಟ ಮನುಷ್ಯರಾಗಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ನಾಲ್ಕು ಬೈದು ಮುಗಿಸಿಬಿಡುತ್ತಿದ್ದೆ. ಆದರೆ ಅವರು ಒಳ್ಳೆಯವರು. ನಮ್ಮ ಅಗ್ರಹಾರದಲ್ಲಿ ಅವರಷ್ಟು ಒಳ್ಳೆಯವರು ಇನ್ನೊಬ್ಬರಿರಲಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಒಬ್ಬ ಹುಡುಗನ ಬಾಯಿಗೆ ತಮ್ಮ ಕೈಯಾರೆ ಬೀಗ ಹಾಕಿದವರೂ ಅವರೇ. ಎರಡೂ ನಿಜ.

ಅವರ ಮನೆ ನಮ್ಮ ಮನೆಯ ಎದುರಿಗೆ. ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ತಲೆಗೆ ಪೇಟ, ಮುಚ್ಚುಕೋಟು, ಕಚ್ಚೆ ಪಂಚೆ. ಮಕ್ಕಳಿರಲಿಲ್ಲ. ಅವರ ಹೆಂಡತಿ ವೇದವತಿಯನ್ನು ನಾವು ಬೀದಿಯ ಹುಡುಗಿಯರೆಲ್ಲ ವೇದತ್ತೆ ಎನ್ನುತ್ತಿದ್ದೆವು. ಸ್ಕೂಲಿನಿಂದ ಮನೆಗೆ ಕೂಗಳತೆಯ ದಾರಿ, ಆದರೂ ಮೇಷ್ಟ್ರು ಮನೆ ಸೇರುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿರುತ್ತಿತ್ತು. ಸಿಕ್ಕವರನ್ನೆಲ್ಲ ಮಾತಾಡಿಸಬೇಕಲ್ಲ. ಹೂವಿನವಳ ಮಗಳ ಬಾಣಂತನ, ಜಟಕಾದವನ ಕುದುರೆಯ ಕಾಲುನೋವು, ವಕೀಲರ ಮನೆಯ ಹಸು ಈದದ್ದು, ಯಾವುದನ್ನೂ ಅವರು ಬಿಡುತ್ತಿರಲಿಲ್ಲ. ಅಂಥ ನಾಲಿಗೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ವಾರಾನ್ನದಿಂದ ಬಂದದ್ದು ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ವಾರಾನ್ನವೆಂದರೆ ಈಗಿನವರಿಗೆ ಹೇಳಬೇಕು. ಹಳ್ಳಿಯಿಂದ ಓದಲು ಬಂದ ಬಡ ಬ್ರಾಹ್ಮಣರ ಹುಡುಗರಿಗೆ ಊರಿನ ಏಳು ಮನೆಯವರು ವಾರಕ್ಕೆ ಒಂದೊಂದು ದಿನ ಊಟ ಹಾಕುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹುಡುಗ ಹೋಗಿ ಮೂಲೆಯಲ್ಲಿ ಎಲೆ ಹಾಕಿಕೊಂಡು ಕೂತು ಉಂಡು, ಎಲೆ ತೆಗೆದು, ನೆಲ ಸಾರಿಸಿ ಬರಬೇಕು. ಹೇಳುವುದಕ್ಕೆ ಇಷ್ಟೆ. ಉಂಡವರಿಗೆ ಗೊತ್ತು, ಅದು ಏಳು ಮನೆಯ ಯಜಮಾನಿಯರ ಮುಖ ನೋಡಿ ಬಾಳುವ ವಿದ್ಯೆ. ಮೇಷ್ಟ್ರು ಕಪಿಲಾ ತೀರದ ಒಂದು ಹಳ್ಳಿಯಿಂದ ಚಿಕ್ಕಂದಿನಲ್ಲಿ ಬಂದು ಹಾಗೇ ಓದಿದವರು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡನ್ನೂ ನಂಗೆ ಕಲಿಸಿದ್ದು ವಾರದ ಮನೆಗಳು" ಎನ್ನುತ್ತಿದ್ದರು. ತಮಗೆ ಆದದ್ದು ಎಲ್ಲರಿಗೂ ಆಗುತ್ತದೆ ಎಂದು ಅವರು ನಂಬಿದರು. ಮೇಷ್ಟ್ರುಗಳಿಗೆ ಇರುವ ದೊಡ್ಡ ರೋಗವೇ ಅದು.

ಸ್ವಾತಂತ್ರ್ಯ ಬಂದ ಮರುವರ್ಷ ಸುಂದರೇಶ ಅವರ ಮನೆಗೆ ಬಂದ. ತಲಕಾಡಿನ ಆಚೆಯ ಹಳ್ಳಿ, ಅಪ್ಪ ಅಮ್ಮ ಇಬ್ಬರೂ ಇಲ್ಲ, ಸೋದರಮಾವ ಕರೆತಂದು ಜಗುಲಿಯ ಮೇಲೆ ಕೂಡಿಸಿ, "ಇವನಿಗೆ ಲೆಕ್ಕದ ಹುಚ್ಚು ಸ್ವಾಮಿ, ಬೇರೆ ಏನಕ್ಕೂ ಬರೋನಲ್ಲ, ನೀವು ನೋಡ್ಕೊಳಿ" ಎಂದ. ಹುಡುಗನಿಗೆ ನನ್ನಷ್ಟೇ ವಯಸ್ಸು, ಹನ್ನೊಂದೋ ಹನ್ನೆರಡೋ. ತೆಳ್ಳಗೆ, ಉದ್ದಕ್ಕೆ, ಕಿವಿ ಅಗಲ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾತಾಡಿಸಿದರೆ ಮಾತಾಡಿಸಿದವರ ಭುಜದಾಚೆ ಯಾರೋ ನಿಂತಿದ್ದಾರೆ ಎಂಬಂತೆ ಅತ್ತ ನೋಡುತ್ತಿದ್ದ. ಮೇಷ್ಟ್ರು ಸ್ಲೇಟು ಕೊಟ್ಟು ಹೈಸ್ಕೂಲಿನ ಒಂದು ಲೆಕ್ಕ ಹಾಕಿಕೊಟ್ಟರು. ಅವನು ಅದನ್ನು ಮಾಡಿದ, ಅಳಿಸಿದ, ಇನ್ನೊಂದು ರೀತಿಯಲ್ಲಿ ಮಾಡಿದ. "ಇದು ಮೇಲು" ಎಂದ. ಮೇಷ್ಟ್ರು ಒಳಗೆ ಓಡಿಹೋಗಿ ವೇದತ್ತೆಯನ್ನು ಅಡಿಗೆಮನೆಯಿಂದ ಎಳೆದುಕೊಂಡು ಬಂದು ಸ್ಲೇಟು ತೋರಿಸಿದರಂತೆ. ಅವಳಿಗೆ ಏನು ತಿಳಿಯಬೇಕು, ಪಾಪ. ಗಂಡನ ಕಣ್ಣಲ್ಲಿ ನೀರಿದ್ದುದು ಮಾತ್ರ ತಿಳಿಯಿತು.

ಮಲಗಲು ಮೇಷ್ಟ್ರ ಮನೆಯ ಹಜಾರವಾಯಿತು. ಊಟಕ್ಕೆ ವೇದತ್ತೆ, "ನಮ್ಮನೇಲೇ ಒಂದು ಎಲೆ ಜಾಸ್ತಿ ಹಾಕಿದ್ರೆ ಆಗ್ಹೋಯ್ತು. ಆ ಮಗೂನ ಬೀದಿ ಬೀದಿ ಯಾಕೆ ಕಳಿಸ್ತೀರಿ?" ಎಂದಳು. ಮೇಷ್ಟ್ರು ಒಪ್ಪಲಿಲ್ಲ. ಅಕ್ಕಿಗೆ ರೇಷನ್ ಇದ್ದ ಕಾಲ ನಿಜ, ಆದರೆ ಅವರು ಅದಕ್ಕೆ ಹೇಳಿದ್ದಲ್ಲ. "ಇವನಿಗೆ ಗಣಿತ ನಾನು ಕಲಿಸಬೇಕಾಗಿಲ್ಲ ಕಣೇ, ದೇವರೇ ಕಲಿಸಿ ಕಳಿಸಿದ್ದಾನೆ. ಇವನು ಕಲೀಬೇಕಾದ್ದು ಮನುಷ್ಯರನ್ನ. ಏಳು ಮನೆ ಅನ್ನ ತಿನ್ನಲಿ, ತಾನಾಗಿ ಬರ್ತದೆ" ಎಂದರು. ತಾವೇ ತಿರುಗಿ ಆರು ಮನೆ ಗೊತ್ತು ಮಾಡಿದರು. ಸೋಮವಾರ ವಕೀಲರ ಹೆಂಡತಿ ಪ್ರೇಮಮ್ಮನ ಮನೆ, ಬುಧವಾರ ಪುರೋಹಿತ ಸದಾಶಿವಯ್ಯನವರ ಮನೆ, ಗುರುವಾರ ನಮ್ಮದು. ಭಾನುವಾರ ಮಾತ್ರ ಮೇಷ್ಟ್ರ ಮನೆಯಲ್ಲೇ.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಸುಂದರೇಶ ನಿಜವಾಗಿಯೂ ಎಣಿಸುತ್ತಿದ್ದ. ಅನ್ನ ಕಲಸುತ್ತ ತಲೆಯೆತ್ತಿ ನಮ್ಮ ನಡುಮನೆಯ ಜಂತೆಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಣಿಸಿ, ಬಳಿಕ ಹಿಂದುಮುಂದಾಗಿ ಎಣಿಸುತ್ತಿದ್ದ. ನಮ್ಮಜ್ಜಿಗೆ ಅದು ಕಂಡು ನಗು. ಎಲ್ಲ ಮನೆಯಲ್ಲೂ ನಮ್ಮಜ್ಜಿಯಂಥವರು ಇರಲಿಲ್ಲ.

ಪ್ರೇಮಮ್ಮನ ಮನೆಯಲ್ಲಿ ಒಂದು ದಿನ ನೆಂಟರು ಬಂದಿದ್ದರು. ನೆಂಟರ ಮುಂದೆ ತಾನು ವಾರದ ಹುಡುಗನನ್ನು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತೇನೆಂದು ತೋರಬೇಕು ಅವಳಿಗೆ. "ಹುಳಿ ಹೇಗಿದೆಯಪ್ಪಾ?" ಎಂದು ಕೇಳಿದಳು. "ನಿನ್ನೇದು. ನೀರು ಹಾಕಿ ಕುದಿಸಿದ್ದೀರಿ" ಎಂದ. ಮಡಿ ಮನೆಯಲ್ಲಿ ನೆಂಟರಿಗೆ ತಂಗಳು ಬಡಿಸಿದ ಸುದ್ದಿ ಆ ಸಂಜೆಯೇ ಅಗ್ರಹಾರ ಪೂರ್ತಿ ಸುತ್ತಿತು. ಸೋಮವಾರ ಹೋಯಿತು. ಸದಾಶಿವಯ್ಯನವರ ತಾಯಿ ಹಲ್ಲು ಗಟ್ಟಿಯಿರುವ ಮುದುಕಿ, ತನಗೆ ಈಗಷ್ಟೇ ಅರವತ್ತು ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಮಾತಿನ ಮಧ್ಯೆ ತನ್ನ ಮದುವೆ ಎಂಟನೇ ವಯಸ್ಸಿಗೆ, ಪಾರ್ಥಿವ ಸಂವತ್ಸರದಲ್ಲಿ ಆಯಿತೆಂದಳು. ಮಜ್ಜಿಗೆ ಅನ್ನ ಕಲಸುತ್ತಿದ್ದ ಹುಡುಗ, "ಹಾಗಾದ್ರೆ ನಿಮಗೆ ಎಪ್ಪತ್ತೆರಡು" ಎಂದುಬಿಟ್ಟ. ಬುಧವಾರವೂ ಹೋಯಿತು.

ಮೇಷ್ಟ್ರಿಗೆ ಮೊದಮೊದಲು ಇದು ನಗುವ ವಿಷಯವೇ ಆಗಿತ್ತು. ಆಮೇಲೆ ಗಾಬರಿಯಾದರು. ಸ್ಕೂಲಿನಲ್ಲೂ ಹೀಗೇ. ಅವನು ಸಂಸ್ಕೃತದ ಪಂಡಿತರ ತಪ್ಪನ್ನು ತರಗತಿಯಲ್ಲೇ ತಿದ್ದಿ ಹೊಡೆತ ತಿಂದ. ಹುಡುಗರು ಅವನ ಟೋಪಿಯನ್ನು ಮರಕ್ಕೆ ಎಸೆದು, ಅವನು ಮರದ ಕೆಳಗೆ ನಿಂತು ಸುಮ್ಮನೆ ನೋಡುತ್ತಿದ್ದರೆ ಕುಣಿಯುತ್ತಿದ್ದರು. ಮೇಷ್ಟ್ರು ಸಾಯಂಕಾಲ ಅವನನ್ನು ಜಗುಲಿಯ ಮೇಲೆ ಕೂಡಿಸಿಕೊಂಡು ಪಾಠ ಶುರುಮಾಡಿದರು. ಎದುರುಮನೆಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ಯಾರಾದರೂ ಚೆನ್ನಾಗಿದ್ದೀಯಾ ಅಂದ್ರೆ ಏನನ್ನಬೇಕು?"

"ಚೆನ್ನಾಗಿಲ್ಲದಿದ್ರೆ?"

"ಚೆನ್ನಾಗಿಲ್ಲದಿದ್ರೂ ಚೆನ್ನಾಗಿದೀನಿ ಅನ್ನಬೇಕು."

"ಅದು ಸುಳ್ಳಾಗ್ತದೆ."

"ಸುಳ್ಳಲ್ಲ ಕಣೋ, ಮರ್ಯಾದೆ."

ಹುಡುಗ ಯೋಚಿಸುತ್ತಿದ್ದ. ಅವನು ಹಟಮಾರಿಯಲ್ಲ, ಅದನ್ನು ಯಾರೂ ತಿಳಿಯಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಲು ಅವನು ಒದ್ದಾಡುತ್ತಿದ್ದ. ಊಟವಾದ ಮೇಲೆ ಯಾವ ಮನೆಯಲ್ಲಾದರೂ ಸರಿ, "ಊಟ ತುಂಬಾ ಚೆನ್ನಾಗಿತ್ತು" ಎಂದು ಹೇಳಿ ಹೊರಡು ಎಂದು ಮೇಷ್ಟ್ರು ಕಲಿಸಿದರು. ಉಳಿದ ಮನೆಗಳಲ್ಲಿ ಅವನು ಹಾಗೇ ಹೇಳುತ್ತ ಒಂದಷ್ಟು ಕಾಲ ನಡೆಯಿತು.

ಒಂದು ಗುರುವಾರ ಬೆಳಿಗ್ಗೆ ನಮ್ಮಜ್ಜಿ ತೀರಿಕೊಂಡಳು. ಅವಳನ್ನು ಹಜಾರದಲ್ಲಿ ಮಲಗಿಸಿದ್ದರು, ಒಲೆ ಹಚ್ಚಿರಲಿಲ್ಲ. ಮೇಷ್ಟ್ರು ನಮ್ಮಪ್ಪನ ಜೊತೆ ಓಡಾಟದಲ್ಲಿದ್ದರು, ಹುಡುಗನಿಗೆ ಹೇಳುವುದು ಯಾರಿಗೂ ನೆನಪಾಗಲಿಲ್ಲ. ಸ್ಕೂಲು ಬಿಟ್ಟ ಹೊತ್ತಿಗೆ ಸರಿಯಾಗಿ ಸುಂದರೇಶ ಬಂದು ಹೊಸ್ತಿಲಲ್ಲಿ ನಿಂತ. ಅಳುವವರನ್ನು ನೋಡಿದ, ಅಜ್ಜಿಯನ್ನು ನೋಡಿದ. ಅವನ ತುಟಿ ಅಲುಗುತ್ತಿತ್ತು. ಏನೋ ಹೇಳಬೇಕೆಂದು ಅವನಿಗೆ ಗೊತ್ತಿತ್ತು, ಏನೆಂದು ಯಾರೂ ಕಲಿಸಿರಲಿಲ್ಲ. ಕೊನೆಗೆ ಕೈಮುಗಿದು, "ಊಟ ತುಂಬಾ ಚೆನ್ನಾಗಿತ್ತು" ಎಂದು ಹೇಳಿ ಹೊರಟುಹೋದ. ನಮ್ಮಪ್ಪ ಅವನ ಹಿಂದೆ ಬೀದಿಗೆ ನುಗ್ಗಿದರು. ಮೇಷ್ಟ್ರು ಅಡ್ಡ ನಿಂತು ಹಿಡಿದುಕೊಳ್ಳದಿದ್ದರೆ ಹೊಡೆದೇ ಬಿಡುತ್ತಿದ್ದರು. ಆ ಹುಡುಗನಿಗೆ ಅನ್ನ ಹಾಕಿದವರಲ್ಲಿ ಅವನನ್ನು ಕಂಡು ನಕ್ಕವಳು ಅಜ್ಜಿಯೊಬ್ಬಳೇ ಎಂದು ನನಗೆ ಅಂದೇ ಅನ್ನಿಸಿತ್ತು. ಅವನು ಅವಳಿಗೇ ಹೇಳಿದ ಎಂದು ಇಂದಿಗೂ ಅಂದುಕೊಂಡಿದ್ದೇನೆ.

ಇಷ್ಟಾದ ಮೇಲೆ ಹುಡುಗನಿಗೆ ಎಲೆ ಹಾಕುವ ಮನೆಗಳು ಎರಡೋ ಮೂರೋ ಉಳಿದವು. ಆಗಲಾದರೂ ಮೇಷ್ಟ್ರು ಹೆಂಡತಿಯ ಮಾತು ಕೇಳಿ ಅವನನ್ನು ಮನೆಯಲ್ಲೇ ಉಣ್ಣಲು ಬಿಡಬೇಕಿತ್ತು. ಬಿಡಲಿಲ್ಲ. ವಾರಾನ್ನ ತಪ್ಪಿದರೆ ಹುಡುಗನಿಗೆ ಲೋಕವೇ ತಪ್ಪುತ್ತದೆ ಎಂದು ಅವರ ತಲೆಯಲ್ಲಿ ಕೂತಿತ್ತು. ಅವರು ಬಹಳ ಯೋಚಿಸಿ ಒಂದು ಉಪಾಯ ಮಾಡಿದರು, ಅದು ನಮ್ಮ ಅಗ್ರಹಾರದಲ್ಲಲ್ಲದೆ ಬೇರೆಲ್ಲೂ ನಡೆಯುವಂಥದ್ದಲ್ಲ. ಮನೆ ಮನೆಗೆ ಹೋಗಿ, ಯಾರೋ ಯತಿಗಳು ಹುಡುಗನ ಜಾತಕ ನೋಡಿದರು, ವಿದ್ಯೆ ಪೂರ್ತಿಯಾಗುವ ತನಕ ಅವನು ಪರರ ಮನೆಯಲ್ಲಿ ಬಾಯಿ ಬಿಡಕೂಡದೆಂದು ಉಪದೇಶ ಮಾಡಿದ್ದಾರೆ, ಅವನು ಮೌನವ್ರತ ಹಿಡಿದಿದ್ದಾನೆ ಎಂದು ಹೇಳಿದರು. ಅದು ಹಸೀ ಸುಳ್ಳು. ಯತಿಗಳೂ ಇಲ್ಲ, ಜಾತಕವೂ ಇಲ್ಲ.

ಹುಡುಗನಿಗೆ ಹೇಳಿದ್ದು ಇಷ್ಟು: "ಇನ್ಮೇಲೆ ಯಾರ ಮನೇಲೂ ಮಾತಾಡಬೇಡ. ಏನು ಕೇಳಿದ್ರೂ ಕೈ ಮುಗಿ, ಸಾಕು."

"ಏನು ಕೇಳಿದ್ರೂ?"

"ಏನು ಕೇಳಿದ್ರೂ."

ಆ ಹುಡುಗನ ಮುಖದಲ್ಲಿ ಅಂಥ ಸಮಾಧಾನವನ್ನು ತಾನು ಅದುವರೆಗೆ ಕಂಡಿರಲಿಲ್ಲ ಎಂದು ವೇದತ್ತೆ ಹೇಳುತ್ತಿದ್ದಳು.

ನಮ್ಮ ಜನರನ್ನು ಏನು ಹೇಳಲಿ. ನಿಜ ಹೇಳಿದ ಹುಡುಗನನ್ನು ಓಡಿಸಿದವರು, ಅದೇ ಹುಡುಗ ಬಾಯಿ ಮುಚ್ಚಿಕೊಂಡು ಬಂದರೆ ಮಣೆ ಹಾಕಿ ಕೂಡಿಸಿದರು. ಪ್ರೇಮಮ್ಮ ತಾನಾಗಿ ಬಂದು, ಸೋಮವಾರ ಮತ್ತೆ ಕಳಿಸಿ ಎಂದಳು. ಮೂಲೆಯಲ್ಲಿದ್ದ ಎಲೆ ನಡುಮನೆಗೆ ಬಂತು, ಎಲೆಯ ಮೇಲೆ ತುಪ್ಪ ಬಂತು, ನೆಲ ಸಾರಿಸುವುದು ತಪ್ಪಿತು. ಸದಾಶಿವಯ್ಯನವರ ತಾಯಿ ಅವನ ಮುಂದೆ ತನ್ನ ಸೊಸೆಯ ದೂರೆಲ್ಲ ಹೇಳಿಕೊಂಡಳು. ಅವನು ಕೈಮುಗಿದ. "ಎಷ್ಟು ತಿಳಿವಳಿಕೆ ನೋಡಿ ಆ ಮಗೂಗೆ" ಎಂದು ಕಣ್ಣೊರಸಿಕೊಂಡಳು. ನಮ್ಮಪ್ಪ ಕೂಡ ಅಜ್ಜಿಯ ಸಾವಿನ ದಿನ ಅವನು ಆಡಿದ ಮಾತಿಗೆ ಏನೋ ಒಳ ಅರ್ಥವಿರಬೇಕು ಎಂದು ಹೇಳಲು ಶುರುಮಾಡಿದರು. ನಮ್ಮ ಮನೆಯ ಗುರುವಾರವೂ ಮರಳಿತು.

ಹುಡುಗ ಮೈ ತುಂಬಿಕೊಂಡ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಅವನಿಗೆ ಬಂದ ಮಾರ್ಕು ಅವನ ಸ್ಕೂಲಿನಲ್ಲಿ ಯಾರಿಗೂ ಬಂದಿರಲಿಲ್ಲ. ಕಾಲೇಜು ಸೇರಿದ, ಇಂಟರ್‌ಮೀಡಿಯೆಟ್ ಮುಗಿಸಿದ, ಆನರ್ಸ್‌ಗೆ ಹೋದ. ಮೇಷ್ಟ್ರು ಬೀದಿಯಲ್ಲಿ ನಡೆದರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಪರರ ಮನೆಯಲ್ಲಿ ಮೌನವಾಗಿದ್ದರೂ ಸಾಯಂಕಾಲ ಮೇಷ್ಟ್ರ ಜಗುಲಿಯ ಮೇಲೆ ಸ್ಲೇಟು ಬಳಪ ಹಿಡಿದಾಗ ಅವನು ಮಾತಾಡುತ್ತಿದ್ದ. ವೇಗವಾಗಿ, ಸ್ವಲ್ಪ ತೊದಲಿ, ಗಣಿತವನ್ನು ಮಾತ್ರ. ಅಷ್ಟು ಸಾಕು, ಉಳಿದದ್ದು ನಿಧಾನಕ್ಕೆ ಬರುತ್ತದೆ ಎಂದು ಮೇಷ್ಟ್ರು ನಂಬಿದ್ದರು.

ಆನರ್ಸ್‌ನ ಎರಡನೇ ವರ್ಷ ಒಂದು ಸಂಜೆ ಅವನು ಕಾಲೇಜಿನಿಂದ ತಂದ ಪುಸ್ತಕ ತೆಗೆದು ಯಾವುದನ್ನೋ ವಿವರಿಸತೊಡಗಿದ. ಮೇಷ್ಟ್ರು ಬಹಳ ಹೊತ್ತು ಕೇಳಿದರು. ಪೇಟ ತೆಗೆದು ಪಕ್ಕಕ್ಕಿಟ್ಟರು. ಇನ್ನೊಂದು ಸಲ ಹೇಳು ಎಂದರು. ಅವನು ಹೇಳಿದ. ಆಮೇಲೆ ಅವರು ನಗುತ್ತಲೇ, ಹೆಮ್ಮೆಯಿಂದಲೇ, "ಇದು ನನ್ನ ತಲೆಗೆ ಹತ್ತೋದಿಲ್ಲ ಕಣೋ ಸುಂದರೇಶ. ನೀನು ನನ್ನ ದಾಟಿಬಿಟ್ಟೆ" ಎಂದರು. ಯಾವ ಮೇಷ್ಟ್ರಿಗಾದರೂ ಅದು ಹಬ್ಬದ ದಿನ. ಸುಂದರೇಶ ಪುಸ್ತಕ ಮುಚ್ಚಿದ. ಅಂದಿನಿಂದ ಅವನು ಆ ಮನೆಯಲ್ಲೂ ಮಾತಾಡಲಿಲ್ಲ. ಸಿಟ್ಟಿನಿಂದಲ್ಲ. ಅವನಿಗೆ ಇನ್ನೊಬ್ಬರೊಡನೆ ಆಡಲು ಇದ್ದ ಮಾತು ಅದೊಂದೇ, ಅದು ಅಲ್ಲಿಗೆ ಮುಗಿಯಿತು.

ಮೊದಲು ಕೆಲವು ದಿನ ಮೇಷ್ಟ್ರು ಗಮನಿಸಲಿಲ್ಲ. ತಾವೇ ಇಬ್ಬರ ಪಾಲಿನ ಮಾತನ್ನೂ ಆಡುವ ಮನುಷ್ಯ. ವೇದತ್ತೆ ಒಂದು ದಿನ, "ಅವನು ಮಾತಾಡಿ ಎಷ್ಟು ದಿನ ಆಯ್ತೂಂದ್ರೆ? ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು. ಅವರು ಹಜಾರಕ್ಕೆ ಹೋಗಿ ಅವನ ಮುಂದೆ ಕೂತು, ಲೆಕ್ಕ ಕೇಳಿದರು, ಊರಿನ ಸುದ್ದಿ ಕೇಳಿದರು, ಸತ್ತುಹೋದ ತಾಯಿಯನ್ನು ನೆನೆಸಿ ಕೇಳಿದರು. ಅವನು ಎಲ್ಲಕ್ಕೂ ಕೈ ಮುಗಿದ. ಕಲಿಸಿದ್ದು ಅದೇ ತಾನೆ.

ಆನರ್ಸ್ ಲಿಖಿತ ಪರೀಕ್ಷೆಯಲ್ಲಿ ಅವನೇ ಮೊದಲು. ಅವನ ಉತ್ತರ ಪತ್ರಿಕೆ ನೋಡಿದ್ದ ಪ್ರೊಫೆಸರೊಬ್ಬರು ಜಯಲಕ್ಷ್ಮಿಪುರಂನ ತಮ್ಮ ಮನೆಗೆ ಮೇಷ್ಟ್ರನ್ನು ಕರೆಸಿಕೊಂಡರು. ಸಂಶೋಧನೆಗೆ ಒಂದು ಸ್ಥಾನವಿದೆ, ಕೆಳಗಿನ ತರಗತಿಗೆ ವಾರಕ್ಕೊಂದೆರಡು ಪಾಠ ಹೇಳಬೇಕು, ಮುಂದೆ ಲೆಕ್ಚರರ್ ಕೆಲಸವೂ ಆಗಬಹುದು ಎಂದರು. ಮೇಷ್ಟ್ರು ವ್ರತ ಗಿತ ಎಂದು ಏನೋ ತಡವರಿಸಿದರು. ಪ್ರೊಫೆಸರು ಒಳ್ಳೆಯ ಮನುಷ್ಯ. "ನೋಡಿ ಮೇಷ್ಟ್ರೇ, ಅವನು ಭಾಷಣ ಮಾಡಬೇಕಾಗಿಲ್ಲ. ಮೂರು ಜನ ಕೂತಿರ್ತೀವಿ. ಅವನು ಬರೆದಿರೋದನ್ನೇ ಕೇಳ್ತೀವಿ. ಬಾಯಲ್ಲಿ ನಾಲ್ಕು ಮಾತು ಹೇಳಿದ್ರೆ ಸಾಕು, ಮಿಕ್ಕಿದ್ದು ನನಗೆ ಬಿಡಿ" ಎಂದರು. ಮೇಷ್ಟ್ರು ಅಲ್ಲಿಂದ ನಡೆದೇ ಬಂದರಂತೆ, ದಾರಿಯಲ್ಲಿ ಯಾರನ್ನೂ ಮಾತಾಡಿಸದೆ.

ಕಟ್ಟಿದ ಸುಳ್ಳನ್ನು ಬಿಡಿಸುವುದು ಹೇಗೆ? ವ್ರತವೆಂದು ಹೇಳಿಯಾಗಿದೆ, ಹಾಗಾದರೆ ಅದನ್ನು ವ್ರತದಂತೆಯೇ ಮುಗಿಸಬೇಕು ಎಂದು ಅವರಿಗೆ ತೋಚಿತು. ಶಾಸ್ತ್ರೋಕ್ತವಾಗಿ ಉದ್ಯಾಪನೆ ಮಾಡಿ ವಿಸರ್ಜಿಸಿದರೆ, ಎಲ್ಲರ ಮುಂದೆ ಅಪ್ಪಣೆ ಸಿಕ್ಕಂತಾಗಿ ಹುಡುಗ ಬಾಯಿ ಬಿಟ್ಟಾನು. ಹುಡುಗನೆಂದೆ, ಆಗ ಅವನಿಗೆ ಮೀಸೆ ಬಂದಿತ್ತು. ಒಂದು ಒಳ್ಳೆಯ ದಿನ ನೋಡಿ ಮೇಷ್ಟ್ರು ಆರು ಮನೆಯವರನ್ನೂ ಕರೆದರು. ಇಲ್ಲದ ವ್ರತಕ್ಕೆ ಹೋಮವಾಯಿತು, ದಾನವಾಯಿತು. ಸುಂದರೇಶ ಹೊಸ ಪಂಚೆ ಉಟ್ಟು ಮಣೆಯ ಮೇಲೆ ಕೂತ. ಸದಾಶಿವಯ್ಯನವರು, "ಈಗ ವ್ರತ ಪೂರ್ತಿ ಆಯ್ತಪ್ಪ. ಮೊದಲನೇ ಮಾತು ದೇವರ ಹೆಸರಾಗಲಿ. ಶಿವ ಅನ್ನು ಸಾಕು" ಎಂದರು. ನಡುಮನೆ, ಹಜಾರ, ಜಗುಲಿ ಎಲ್ಲ ಕಡೆ ಜನ. ಹೆಂಗಸರು ಮಕ್ಕಳ ಬಾಯಿ ಮುಚ್ಚಿ ಹಿಡಿದಿದ್ದರು.

ಸುಂದರೇಶ ಹೋಮಕುಂಡದ ಇಟ್ಟಿಗೆಗಳನ್ನು ನೋಡುತ್ತಿದ್ದ. ಮೇಷ್ಟ್ರು ಅವನ ಪಕ್ಕದಲ್ಲಿ ಬಗ್ಗಿ, "ನಾನೇ ಹೇಳಿದ್ದೆನಲ್ಲಪ್ಪ ಮಾತಾಡಬೇಡ ಅಂತ. ಈಗ ನಾನೇ ಹೇಳ್ತಾ ಇದೀನಿ, ಮಾತಾಡು" ಎಂದರು. ಅವನು ಬಾಯಿ ತೆರೆದ. ಗಂಟಲು ಏರಿ ಇಳಿದದ್ದು ನನಗೆ ಕಾಣಿಸಿತು. ಎಲ್ಲರೂ ಮುಂದಕ್ಕೆ ಬಾಗಿದರು. ಅಷ್ಟು ಮುಖಗಳನ್ನು ಒಮ್ಮೆಗೇ ಕಂಡು ಅವನು ಬಾಯಿ ಮುಚ್ಚಿ, ಕಣ್ಣನ್ನೂ ಮುಚ್ಚಿ, ಕೈ ಮುಗಿದ.

ಪ್ರೇಮಮ್ಮ ಎದ್ದು ಬಂದು, "ಇವರಿಗೆ ಮಾತೇ ಬೇಡ ಆಗ್ಬುಟ್ಟಿದೆ ಕಣ್ರೀ, ಮಾತಿನಿಂದಾಚೆಗೆ ಹೋಗ್ಬುಟ್ಟಿದ್ದಾರೆ" ಎಂದು ಅವನ ಕಾಲಿಗೆ ಬಿದ್ದಳು. ಹಿಂದೆಯೇ ಸದಾಶಿವಯ್ಯನವರ ತಾಯಿ ಬಿದ್ದಳು. ಸಾಲುಗಟ್ಟಿ ಬಿದ್ದರು. ಮೇಷ್ಟ್ರು, "ಬೇಡಿ, ಬೇಡಿ, ಏಳಿ" ಎಂದು ಒಬ್ಬೊಬ್ಬರನ್ನೂ ತೋಳು ಹಿಡಿದು ಎಬ್ಬಿಸುತ್ತಿದ್ದರು, ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಆ ದಿನ ನನಗೆ ನಮ್ಮ ಬೀದಿಯವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಸಂದರ್ಶನಕ್ಕೆ ಮೇಷ್ಟ್ರೇ ಅವನನ್ನು ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಬಳಿಕ ಅವರೇ ನಮ್ಮಪ್ಪನ ಮುಂದೆ ಹೇಳಿದರು, ನಾನು ಒಳಬಾಗಿಲಲ್ಲಿ ನಿಂತಿದ್ದೆ. ಪ್ರೊಫೆಸರು ಅವರನ್ನೂ ಒಳಗೆ ಕೂರಲು ಬಿಟ್ಟರಂತೆ. ಗಣಿತ ಕೇಳಿದರು, ಅವನು ಎದ್ದುಹೋಗಿ ಬೋರ್ಡಿನ ಮೇಲೆ ಬರೆದ. ಚೆನ್ನಾಗಿಯೇ ಬರೆದ. ಬಾಯಲ್ಲಿ ಹೇಳು ಎಂದರೆ ಕೈ ಮುಗಿದ. ಕೊನೆಗೆ ಪ್ರೊಫೆಸರು ಬಹಳ ಮೆಲ್ಲಗೆ, "ಗಣಿತ ಬಿಡಪ್ಪ. ನಿನ್ನ ಹೆಸರೇನು ಹೇಳು. ಅಷ್ಟು ಹೇಳಿದರೆ ನಾನು ಇವರನ್ನ ಒಪ್ಪಿಸ್ತೀನಿ" ಎಂದರು. ಸುಂದರೇಶ ಬಳಪ ಹಿಡಿದು ನಿಂತೇ ಇದ್ದ. ತಡೆಯಲಾರದೆ, "ಸುಂದರೇಶ ಅಂತ ಸಾರ್" ಎಂದರು ಮೇಷ್ಟ್ರು.

"ನಾನು ನಿಮ್ಮನ್ನ ಕೇಳಲಿಲ್ಲ ಮೇಷ್ಟ್ರೇ" ಎಂದರಂತೆ ಪ್ರೊಫೆಸರು.

ಇದನ್ನು ಹೇಳುವಾಗ ಮೇಷ್ಟ್ರು ಅತ್ತರು. "ಇಷ್ಟು ವರ್ಷ ಎಲ್ಲರಿಗೂ ಅವನ ಪರವಾಗಿ ನಾನೇ ಉತ್ತರ ಹೇಳಿಬಿಟ್ಟೆ" ಎಂದರು. ನಮ್ಮಪ್ಪ ಕಾಫಿ ತರಲು ಒಳಗೆ ಕೂಗಿದರು.

ಆ ಸ್ಥಾನ ಬೇರೆಯವರಿಗಾಯಿತು. ಇತ್ತ ಮೇಷ್ಟ್ರ ಜಗುಲಿಯ ಮೇಲೆ ಬಾಳೆಹಣ್ಣು ತೆಂಗಿನಕಾಯಿ ಕಾಣಿಸಿಕೊಳ್ಳತೊಡಗಿದವು. ಗುರುವಾರ ಗುರುವಾರ ಜನ ಬರುತ್ತಿದ್ದರು. ಮದುವೆಯಾಗದ ಹೆಣ್ಣಿನ ತಾಯಂದಿರು, ವರ್ಗವಾದ ಗುಮಾಸ್ತರು. ಮೇಷ್ಟ್ರು ಮೊದಲು ಬಾಗಿಲು ಹಾಕಿಕೊಂಡರು. ಆಮೇಲೆ ಹಿಂದೆ ಸುಳ್ಳು ಹೇಳಿದ ಮನೆ ಮನೆಗೂ ಹೋಗಿ, "ವ್ರತವೂ ಇಲ್ಲ ಏನೂ ಇಲ್ಲ, ನಾನೇ ಕಟ್ಟಿದ ಸುಳ್ಳು. ಅವನು ಎಲ್ಲರ ಹಾಗೆ ಒಬ್ಬ ಹುಡುಗ, ಅವನಿಗೆ ಜನ ಅಂದ್ರೆ ಭಯ, ಅಷ್ಟೆ" ಎಂದು ಕೈಮುಗಿದು ಹೇಳಿಕೊಂಡರು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವರು ನಿಜ ಹೇಳಿದಾಗ ನಂಬಲಿಲ್ಲ. ಪ್ರೇಮಮ್ಮ, "ಹೋಗಿ ಮೇಷ್ಟ್ರೇ, ನಿಮ್ಮ ಶಿಷ್ಯನ ಮೇಲೆ ನಿಮಗೇ ಹೊಟ್ಟೆಕಿಚ್ಚಾ?" ಎಂದು ಕೇಳಿದಳು.

ಸುಂದರೇಶ ಬೆಳಿಗ್ಗೆ ಎದ್ದು ಬೋಗಾದಿಯ ಕಡೆ ಹೊಲಗಳ ನಡುವೆ ಹೋಗಿ ಬಿಸಿಲೇರಿದ ಮೇಲೆ ಬರುತ್ತಿದ್ದ. ಈಗ ದಿನವೂ ಊಟ ವೇದತ್ತೆಯ ಕೈಯದೇ. ಅವಳು ಅವನನ್ನು ಏನೂ ಕೇಳುತ್ತಿರಲಿಲ್ಲ, ಬಡಿಸುತ್ತಿದ್ದಳು. ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು, "ಹಿತ್ತಿಲಲ್ಲಿ ಮಾತಾಡ್ತಾನೆ ಕಣೇ. ಬಾವಿಯ ಹತ್ತಿರ. ಯಾರೂ ಇಲ್ಲದಾಗ. ಏನೋ ಲೆಕ್ಕ, ನಂಗೆ ತಿಳಿಯೋದಿಲ್ಲ, ಆದ್ರೆ ಧ್ವನಿ ಎಷ್ಟು ಚೆನ್ನಾಗಿದೆ ಗೊತ್ತೇನೇ" ಎಂದಳು. ಅವನಿಗೆ ಮಾತು ಹೋಗಿರಲಿಲ್ಲ. ಕೇಳುವವರಿಲ್ಲದ ಕಡೆ ಅದು ಹಾಗೇ ಇತ್ತು.

ಮೇಷ್ಟ್ರು ಅಷ್ಟು ಹೊತ್ತಿಗೆ ರಿಟೈರ್ ಆಗಿದ್ದರು. ಅಂದಿನಿಂದ ಮಧ್ಯಾಹ್ನವಾದರೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಅವರಿಗೂ ಅದು ಅರ್ಥವಾಗುತ್ತಿರಲಿಲ್ಲ. ಬೀದಿಯ ಮಾತೆಲ್ಲ ಬಿಟ್ಟು, ಪೇಟವಿಲ್ಲದ ಬೋಳುತಲೆಯನ್ನು ಬಾಗಿಲಿಗೆ ಆನಿಸಿ, ಉಸಿರು ಹಿಡಿದು ನಿಂತಿರುತ್ತಿದ್ದರು. ಮಳೆಗಾಲದಲ್ಲಿ ಅವರಿಗೆ ಗೂರಲು ಹತ್ತಿತು. ಒಂದು ದಿನ ಬಾಗಿಲ ಹಿಂದೆ ನಿಂತಿದ್ದಾಗ ಕೆಮ್ಮು ಬಂತು. ಬಾಯಿಗೆ ಅಂಗವಸ್ತ್ರ ತುರುಕಿಕೊಂಡರೂ ತಡೆಯಲಿಲ್ಲ. ಹಿತ್ತಿಲಲ್ಲಿ ಧ್ವನಿ ನಿಂತಿತು. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಮೇಷ್ಟ್ರು ಮಧ್ಯಾಹ್ನ ಮನೆಯಲ್ಲೇ ಇರದೆ ಬೇಕೆಂದೇ ದೇವಸ್ಥಾನಕ್ಕೆ ಹೋಗಿ ಕೂತು ನೋಡಿದರು. ಸುಂದರೇಶ ಮತ್ತೆ ಹಿತ್ತಿಲಿಗೆ ಹೋಗಲಿಲ್ಲ.

ಮುಂದಿನ ಮಾಘಮಾಸದಲ್ಲಿ ಮೇಷ್ಟ್ರು ತೀರಿಕೊಂಡರು. ಮಕ್ಕಳಿಲ್ಲದವರಿಗೆ ಕರ್ಮ ಮಾಡುವವರು ಯಾರು ಎಂಬ ಮಾತು ಬಂತು. ದೂರದ ದಾಯಾದಿಯೊಬ್ಬ ಸಿದ್ಧನಿದ್ದ. ವೇದತ್ತೆ ಒಪ್ಪಲಿಲ್ಲ. "ಸುಂದರೇಶನೇ ಮಾಡಬೇಕು" ಎಂದಳು. ಶಿಷ್ಯನಿಗೂ ಅಧಿಕಾರ ಉಂಟು ಎಂದು ಸದಾಶಿವಯ್ಯನವರು ಒಪ್ಪಿದರು.

ಹಿತ್ತಿಲಲ್ಲಿ ಬಾವಿಯ ಪಕ್ಕ ಕಲ್ಲು ನೆಟ್ಟು ತಿಲೋದಕ ಬಿಡಿಸಿದರು. ಗೋತ್ರ ಹೇಳಿ, ಸತ್ತವರ ಹೆಸರು ಹೇಳಿ, ಎಳ್ಳು ನೀರು ಬಿಡಬೇಕು. ಹೆಸರು ಹೇಳದೆ ಬಿಟ್ಟ ನೀರು ಸತ್ತವರಿಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ಸದಾಶಿವಯ್ಯನವರು ಮಂತ್ರ ಹೇಳುತ್ತ ಬಂದು ಹೆಸರಿನ ಜಾಗದಲ್ಲಿ ನಿಲ್ಲಿಸಿದರು. ಸುಂದರೇಶನ ಬೊಗಸೆಯಲ್ಲಿ ನೀರು. ಅವನ ಗಂಟಲು ಅಲುಗಿತು, ಕುತ್ತಿಗೆಯ ನರ ಎದ್ದು ನಿಂತಿತು. ಅವನು ಎಷ್ಟು ಪ್ರಯತ್ನಪಟ್ಟನೆಂದು ನಾನು ಕಣ್ಣಾರೆ ನೋಡಿದೆ. ಬೆರಳ ಸಂದಿಯಿಂದ ನೀರು ಸೋರತೊಡಗಿತು. "ಹೇಳಪ್ಪ" ಎಂದರು ಸದಾಶಿವಯ್ಯನವರು. ಮತ್ತೊಮ್ಮೆ, "ಹೇಳು" ಎಂದರು. ಅವನ ಕಣ್ಣಿಂದ ನೀರಿಳಿಯಿತು, ಬಾಯಿಂದ ಏನೂ ಬರಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ನನ್ನ ಪಕ್ಕ ವೇದತ್ತೆ ನಿಂತಿದ್ದಳು. ಗಂಡನ ಹೆಸರನ್ನು ಅವಳು ಜನ್ಮದಲ್ಲಿ ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ, ಒಳ್ಳೆಯ ಮನೆತನದ ಯಾವ ಹೆಂಗಸೂ ಆಡುತ್ತಿರಲಿಲ್ಲ. ಅವಳು ಹಿತ್ತಿಲಿಗೆ ಕೇಳುವಂತೆ, "ನಂಜುಂಡಯ್ಯ" ಎಂದಳು.

ಸದಾಶಿವಯ್ಯನವರು ತಿರುಗಿ ನೋಡಿದರು. ಬೊಗಸೆಯಲ್ಲಿ ಉಳಿದಿದ್ದಷ್ಟು ನೀರನ್ನು ಸುಂದರೇಶ ಕಲ್ಲಿನ ಮೇಲೆ ಬಿಟ್ಟ.